ಮನೆಯಲ್ಲಿ ಕಾವ್ಯದ ಓದು

ಪುರಾಣ, ಕಾವ್ಯಗಳ ಓದು ಎಲ್ಲ ನಾಡಿನವರಿಗೂ ಆನಂದದಾಯಕವಾದುದು. ದೂರದ ಐರ್ಲೆಂಡಿನ ಕೆಲ್ಟ್ ಜನರ ಪ್ರಾಚೀನ ಕಥೆಗಳನ್ನು ಅಲ್ಲಿಯ ಕ್ರೈಸ್ತ ಮಠಗಳ ಸನ್ಯಾಸಿಗಳು ಅನ್ಯವೆಂದು ಅಳಿಸದೆ ಬರೆದಿಟ್ಟು ಉಳಿಸಿದರು. ಅವುಗಳಲ್ಲಿ ಒಂದು ಹೋರಿಗಾಗಿ ನಡೆದ ಯುದ್ಧದ ಕಥೆ ಪ್ರಸಿದ್ಧವಾದುದು. ರಾಣಿ ಮೇವ್ ದಂಡೆತ್ತಿ ಬಂದಾಗ ಕೂಹುಲಿನ್ ಎಂಬ ತರುಣನು ಏಕಾಂಗಿಯಾಗಿ ಅವಳ ಸೈನ್ಯವನ್ನು ತಡೆಯುತ್ತಾನೆ. ಇದನ್ನು ಓದುವಾಗ ತುರುಗೊಳ್ ಕಾಳಗದಲ್ಲಿ ಮಡಿದ ನಮ್ಮ ನಾಡಿನ ವೀರರ ಕಲ್ಲುಗಳು ನೆನಪಾಗದೆ ಇರವು.

ನಮ್ಮ ಸೀಮೆಯೂ ಕಾವ್ಯಕ್ಕೆ ಬಡವಾದುದಲ್ಲ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಜೈನಕವಿ ಮೂರನೆಯ ಮಂಗರಸನು 1508ರಲ್ಲಿ ‘ಸಮ್ಯಕ್ತ್ವ ಕೌಮುದಿ’ಯನ್ನು ರಚಿಸಿದನು. ಪಿರಿಯಾಪಟ್ಟಣ ಸೀಮೆಯನ್ನಾಳಿದ, ಬೆಟ್ಟದಪುರದ ಅನ್ನದಾನಿ ಮಲ್ಲಿಕಾರ್ಜುನನನ್ನು ಕುಲದೈವವಾಗಿ ಪೂಜಿಸಿದ ಚಂಗಾಳ್ವರ ವಂಶದ ನಂಜುಂಡನು 16ನೆಯ ಶತಮಾನದಲ್ಲಿ ಕುಮಾರರಾಮನ ಕಥೆಯನ್ನು ಸಾಂಗತ್ಯದಲ್ಲಿ ಬರೆದನು. ಸಾಂಗತ್ಯವು ಹಾಡುವ ಛಂದಸ್ಸು. ಮನೆಯಲ್ಲಿ ಒಬ್ಬರು ಹಾಡಿ, ಉಳಿದವರು ಕೇಳುವುದಕ್ಕೆ ತಕ್ಕುದು.

ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ನಮ್ಮ ಮನೆಗಳಲ್ಲಿ ಈ ಹೆಸರುಗಳನ್ನು ಬಲ್ಲ ಮಕ್ಕಳೆಷ್ಟು? ಓಲೆಗರಿಯಿಂದ ಮುದ್ರಣಕ್ಕೆ ಬಂದ ಕಾವ್ಯವೂ ಓದುವ ನಾಲಗೆಯಿಲ್ಲದಿದ್ದರೆ ಮೂಕವಾಗುವುದು.

ಆದುದರಿಂದ ಭಕ್ತ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಸಂಜೆಯ ಲಿಂಗಪೂಜೆಯ ಬಳಿಕ ಭೀಮಕವಿಯ ‘ಬಸವಪುರಾಣ’ (1369) ಅಥವಾ ಚಾಮರಸನ ‘ಪ್ರಭುಲಿಂಗಲೀಲೆ’ಯಿಂದ ದಿನಕ್ಕೆ ಐದೇ ಪದ್ಯಗಳನ್ನು ಓದೋಣ. ಮಕ್ಕಳು ವಾಚಿಸಲಿ, ಹಿರಿಯರು ಅರ್ಥ ಹೇಳಲಿ. ಅರ್ಥವಾಗದ ಪದಕ್ಕೆ ಎಲ್ಲರೂ ಕೂಡಿ ನಿಘಂಟು ತೆರೆಯೋಣ. ಪರನಾಡಿನ ಕಥೆಗಳನ್ನೂ ಪ್ರೀತಿಯಿಂದ ಓದೋಣ. ಆದರೆ ನಮ್ಮವನ್ನು ಮರೆತಲ್ಲ.