ಕಿರ್ಲೋಸ್ಕರರ ಸಂಗೀತ ನಾಟಕವೂ ಕನ್ನಡಿಗರ ಕರ್ತವ್ಯವೂ

ಕೆಲವು ಸುಧಾರಣೆಗಳು ನೋಡಲಿಕ್ಕೆ ಸಣ್ಣವು. ಅವುಗಳ ಪರಿಣಾಮವಾದರೋ ಬಹುದೂರ ಮುಟ್ಟುವುದು. ಹಾಡನ್ನು ಸೂತ್ರಧಾರನ ಬಾಯಿಂದ ಬಿಡಿಸಿ ಪಾತ್ರದ ಬಾಯಿಗೆ ಕೊಟ್ಟ ಬಳವಂತ ಪಾಂಡುರಂಗ ಉರ್ಫ ಅಣ್ಣಾಸಾಹೇಬ ಕಿರ್ಲೋಸ್ಕರರ ಕಾರ್ಯವು ಅಂಥದು.

ಕರ್ನಾಟಕದ ಭಾಗವತರ ಮೇಳವೊಂದು 1842ರ ಸುಮಾರಿಗೆ ಸಾಂಗಲಿಯಲ್ಲಿ ಆಡಿದ ಆಟವನ್ನು ಕಂಡು ಅಲ್ಲಿಯ ಸಂಸ್ಥಾನಿಕರು ಮೆಚ್ಚಿದರು. ಅವರ ಇಚ್ಛೆಯಂತೆ ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾಸ್ವಯಂವರ'ವನ್ನು ರಂಗಕ್ಕೆ ತಂದರು. ಅದೇ ವರ್ಷ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಕಿರ್ಲೋಸ್ಕರರು ಜನಿಸಿದರು. ಭಾವೆಯವರ ಪದ್ಧತಿಯಲ್ಲಿ ಪದಗಳನ್ನು ಸೂತ್ರಧಾರನೇ ಹಾಡುವನು. ಪಾತ್ರಗಳು ಅದಕ್ಕೆ ತಕ್ಕಂತೆ ಅಭಿನಯಿಸಿ, ಸಮಯಕ್ಕೆ ತೋಚಿದ ಮಾತನ್ನಾಡುವವು.

ಬೆಳಗಾವಿಯಲ್ಲಿ ಸರಕಾರಿ ನೌಕರಿಯಲ್ಲಿದ್ದ ಕಿರ್ಲೋಸ್ಕರರು 1880ನೆಯ ಅಕ್ಟೋಬರ 31ರಂದು ಪುಣೆಯಲ್ಲಿ ಕಾಳಿದಾಸನ ಶಾಕುಂತಲವನ್ನು ಮರಾಠಿಯಲ್ಲಿ ಆಡಿಸಿದಾಗ ಈ ಕ್ರಮವು ಬದಲಾಯಿತು. ಮಾತೂ ಪದವೂ ಮೊದಲೇ ಬರೆದು ಸಿದ್ಧವಾಗಿದ್ದವು. ಶಕುಂತಲೆಯ ದುಃಖವನ್ನು ಶಕುಂತಲೆಯೇ ಹಾಡಿದಳು. ಹಾಡು ಕಥೆಯ ಹೊರಗಿನ ವ್ಯಾಖ್ಯಾನವಾಗಿ ಉಳಿಯದೆ ಪಾತ್ರದ ಅಂತಃಕರಣವೇ ಆಯಿತು. 1882ರ 'ಸೌಭದ್ರ'ದಲ್ಲಿ ಸುಭದ್ರಾರ್ಜುನರ ಪುರಾಣಕಥೆಯು ನಮ್ಮ ನೆರೆಮನೆಯ ಮದುವೆಯ ಗೊಂದಲದಷ್ಟು ಪರಿಚಿತವಾಗಿ ತೋರುವುದು. ಪದಗಳನ್ನು ರಚಿಸಿದವರೂ ಮಟ್ಟುಗಳನ್ನು ಆರಿಸಿದವರೂ ಅವರೇ. ರಾಗದಾರಿ, ಕೀರ್ತನಕಾರರ ಸಾಕಿ ದಿಂಡಿಗಳು, ಲಾವಣಿ, ಇವುಗಳೊಡನೆ ಕನ್ನಡ ಮಟ್ಟುಗಳನ್ನೂ ಅವರು ಸಂಕೋಚವಿಲ್ಲದೆ ಬಳಸಿದರು. 1885ರಲ್ಲಿ, 42ನೆಯ ವಯಸ್ಸಿನಲ್ಲಿ, 'ರಾಮರಾಜ್ಯವಿಯೋಗ'ವನ್ನು ಅಪೂರ್ಣವಾಗಿಯೇ ಬಿಟ್ಟು ಅವರು ತೀರಿಕೊಂಡರು.

ಮುಂದೆ ಗಾಯಕ ನಟರ ಕೀರ್ತಿ ಬೆಳೆದಂತೆ ಪುನಃ ಪುನಃ ಹಾಡಿಸುವ ಚಟವೂ ಬೆಳೆದು, ಎಷ್ಟೋ ಕಡೆ ಸಂಗೀತವು ನಾಟಕವನ್ನೇ ನುಂಗಿತು. ಈ ದೋಷವನ್ನು ಕಿರ್ಲೋಸ್ಕರರ ತಲೆಗೆ ಕಟ್ಟುವುದು ನ್ಯಾಯವಲ್ಲ. ಭಾವಕ್ಕೆ ಬೇಕಾದಷ್ಟೇ ಹಾಡು ಎಂಬ ವಿವೇಕವನ್ನು ಮರೆತವರು ಅವರ ಹಿಂಬಾಲಕರು, ಮತ್ತು ಚಪ್ಪಾಳೆ ತಟ್ಟಿದ ಪ್ರೇಕ್ಷಕರು.

ಗುರ್ಲಹೊಸೂರು ನಮ್ಮದು, ಸಾಂಗಲಿಗೆ ಹೋದ ಮೇಳವೂ ನಮ್ಮದು ಎಂದು ಅಭಿಮಾನಪಡುವವರು ನಮ್ಮಲ್ಲಿ ಅನೇಕರು. ಅಭಿಮಾನವು ತಪ್ಪಲ್ಲ, ಆದರೆ ಅಷ್ಟಕ್ಕೇ ನಿಂತರೆ ಅದು ಬರಿಯ ಹರಟೆ. ಮರಾಠಿ ಮಂಡಳಿಗಳ ವೈಭವವನ್ನು ಕಂಡ ಗದಗಿನ ಶಾಂತಕವಿಗಳು ಹಳಹಳಿಸುತ್ತ ಕೂಡಲಿಲ್ಲ. ಕನ್ನಡದಲ್ಲಿ ನಾಟಕ ಬರೆದು, ಮಂಡಳಿ ಕಟ್ಟಿ, ಆಡಿಸಿ ತೋರಿಸಿದರು. ನೆರೆಯವರು ನಮ್ಮಿಂದ ಕೊಂಡುದನ್ನು ಲೆಕ್ಕ ಹಾಕುವುದಕ್ಕಿಂತ, ಕೊಂಡುದನ್ನು ಅವರು ಹೇಗೆ ಬೆಳೆಸಿದರೆಂಬುದನ್ನು ಕಲಿಯುವುದು ಲೇಸು. ನಮ್ಮ ಹಿರಿಯರ ಕಂಠದಲ್ಲಿ ಉಳಿದಿರುವ ರಂಗಗೀತೆಗಳ ಮಟ್ಟುಗಳನ್ನು ಊರೂರಿನಲ್ಲಿ ಬರೆದಿಡುವ ಕಾರ್ಯಕ್ಕೆ ವಾಚಕರು ಇಂದೇ ಕೈಹಚ್ಚಬೇಕು. ಕಂಠವು ಅಡಗಿದ ಮೇಲೆ ಮಟ್ಟನ್ನು ಯಾರಿಂದ ಕೇಳೋಣ?