ಮೊಡವೆಯ ಕಲೆ ಮತ್ತು ಕಾಲ: ಚರ್ಮವು ಮಾಯುವ ಬಗೆಯನ್ನು ಕುರಿತು

ಕನ್ನಡದಲ್ಲಿ ‘ಕಲೆ’ ಎಂಬ ಒಂದೇ ಮಾತು ಎರಡು ಬೇರೆ ಬೇರೆ ವಿಕಾರಗಳಿಗೆ ಸಲ್ಲುತ್ತದೆ. ಮೊಡವೆ ಬತ್ತಿದ ಮೇಲೆ ಉಳಿಯುವ ಕಪ್ಪು ಮಚ್ಚೆಯೂ ಕಲೆಯೇ. ಬೆರಳಿಗೆ ತಗಲುವ ಗುಳಿಯೂ ಕಲೆಯೇ. ದಿನದ ಮಾತುಕತೆಯಲ್ಲಿ ಇದರಿಂದ ಬಾಧಕವೇನೂ ಇಲ್ಲ. ಆದರೆ ಚಿಕಿತ್ಸೆಯ ವಿಚಾರಕ್ಕೆ ಬಂದಾಗ ಈ ಪದದ ಗೊಂದಲವು ತರುಣರ ಹಣವನ್ನೂ, ಹಣಕ್ಕಿಂತ ಬೆಲೆಯುಳ್ಳ ಕಾಲವನ್ನೂ ನುಂಗುತ್ತದೆ. ಮೊದಲನೆಯದು ಬಣ್ಣದ ವ್ಯತ್ಯಾಸ ಮಾತ್ರ. ನಮ್ಮಂಥ ಶ್ಯಾಮಲವರ್ಣದ ಜನರಲ್ಲಿ ಉರಿಯೂತವಾದೆಡೆಯಲ್ಲಿ ವರ್ಣದ್ರವ್ಯವು ಅಧಿಕವಾಗಿ ಸಂಚಯಗೊಳ್ಳುವುದರಿಂದ ಅದು ಉಂಟಾಗಿ, ಕೆಲವು ತಿಂಗಳುಗಳಲ್ಲಿ, ಒಮ್ಮೊಮ್ಮೆ ವರ್ಷವನ್ನೂ ಮೀರಿ, ತಾನಾಗಿಯೇ ಮಾಸತೊಡಗುತ್ತದೆ. ಎರಡನೆಯದಾದರೋ ಒಳಚರ್ಮದ ನಷ್ಟ. ಅದು ಮಾಸತಕ್ಕುದಲ್ಲ.

ವ್ಯಾಧಿಯೇನೂ ಹೊಸದಲ್ಲ. ಸುಶ್ರುತಸಂಹಿತೆಯು ಇದನ್ನು ‘ಮುಖದೂಷಿಕಾ’ ಎಂದು ಹೆಸರಿಸಿ, ತರುಣರ ಮುಖದಲ್ಲಿ ಏಳುವ ಈ ಗುಳ್ಳೆಗಳನ್ನು ಬೂರುಗದ ಮುಳ್ಳಿಗೆ ಹೋಲಿಸಿದೆ. ಎಳೆಯ ಬೂರುಗದ ಕಾಂಡವನ್ನು ಕಂಡವರು ಈ ಹೋಲಿಕೆಯನ್ನು ಒಪ್ಪದಿರಲಾರರು. ಆದರೆ ಆ ಗ್ರಂಥವು ಅದನ್ನು ‘ಕ್ಷುದ್ರರೋಗ’ಗಳ ಸಾಲಿನಲ್ಲಿ ಇರಿಸಿತು. ಇದು ಅಲ್ಪವಾದ ರೋಗವೆಂಬ ಭಾವನೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಬ್ರಹ್ಮಾವರದಿಂದ ಒಳನಾಡಿನ ಕಡೆಗಿರುವ ಕೊಕ್ಕರ್ಣೆಯಂಥ ಊರನ್ನೇ ತೆಗೆದುಕೊಳ್ಳಬಹುದು. ಮಳೆಗಾಲಕ್ಕೆ ಮುಂಚಿನ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದೆಂಬುದೇ ಇಲ್ಲ. ತಲೆಗೆ ಧಾರಾಳವಾಗಿ ಹಚ್ಚಿದ ತೆಂಗಿನೆಣ್ಣೆ ಹಣೆಗೆ ಇಳಿದು ರೋಮಕೂಪಗಳ ಬಾಯಿ ಕಟ್ಟಲು ನೆರವಾಗುತ್ತದೆ. ಹದಿನೇಳರ ಹುಡುಗನ ದವಡೆಯ ಮೇಲೆ ನೋವಿನ ಗಂಟುಗಳು ಎದ್ದರೆ, ‘ವಯಸ್ಸಿನದು, ಮದುವೆಯಾದರೆ ಹೋಗುತ್ತದೆ’ ಎಂಬ ಸಮಾಧಾನ ಮನೆಯಲ್ಲಿ ದೊರೆಯುತ್ತದೆ. ಹಿರಿಯರನ್ನು ಇದಕ್ಕಾಗಿ ದೂರುವಂತಿಲ್ಲ. ಸಿಡುಬಿನ ಗುಳಿಗಳನ್ನು ಮುಖದಲ್ಲಿ ಹೊತ್ತು ಬಾಳಿದವರನ್ನು ಕಂಡ ತಲೆಮಾರು ಅದು. ಭಾರತದಲ್ಲಿ ಸಿಡುಬು ಕೊನೆಗಂಡದ್ದು 1975ರಲ್ಲಿ. ಮಣಿಪಾಲದಲ್ಲಿ 1953ರಿಂದಲೂ ವೈದ್ಯಕೀಯ ಕಾಲೇಜು ಇದೆ. ಅದು ತಲುಪಲಾರದಷ್ಟು ದೂರವೂ ಅಲ್ಲ. ಆದರೂ ಮೊಡವೆಗಾಗಿ ಒಂದು ದಿನದ ಪಾಠ ಬಿಟ್ಟು ಬಸ್ಸು ಹತ್ತುವುದು ಅತಿಯೆಂದು ತೋರುವುದರಿಂದ, ಮೊದಲ ಸಲಹೆ ಔಷಧದ ಅಂಗಡಿಯಲ್ಲಿಯೇ ದೊರೆಯುತ್ತದೆ.

ಕಾಯುವುದರಿಂದ ಏನಾಗುತ್ತದೆ? ತೀವ್ರವಾದ ಮೊಡವೆಯಲ್ಲಿ ಜಿಡ್ಡು ತುಂಬಿದ ರೋಮಕೂಪದ ಗೋಡೆಯು ಒಳಗೇ ಒಡೆದು, ಅದರೊಳಗಿನ ದ್ರವ್ಯವು ಒಳಚರ್ಮಕ್ಕೆ ಚೆಲ್ಲುತ್ತದೆ. ಅದನ್ನು ತೊಲಗಿಸಲು ಧಾವಿಸುವ ರಕ್ತಕಣಗಳು ಬಿಡುಗಡೆಮಾಡುವ ಕಿಣ್ವಗಳು ಪರವಸ್ತುವಿನೊಡನೆ ಚರ್ಮದ ಆಧಾರವಾದ ಕೊಲಾಜೆನ್ ತಂತುಗಳನ್ನೂ ಕರಗಿಸುತ್ತವೆ. ಇಂಗ್ಲೆಂಡಿನ ಲೀಡ್ಸ್ ನಗರದ ಸಂಶೋಧಕರು 2004ರಲ್ಲಿ, ಕಲೆ ಬೀಳುವವರ ಮತ್ತು ಬೀಳದವರ ಮೊಡವೆಗಳಿಂದ ತುಣುಕುಗಳನ್ನು ತೆಗೆದು ಹೋಲಿಸಿದರು. ಕಲೆ ಬೀಳದವರಲ್ಲಿ ಉರಿಯೂತವು ಮೊದಲಿಗೇ ಪ್ರಬಲವಾಗಿದ್ದು ಬೇಗನೆ ಅಡಗಿತ್ತು. ಕಲೆ ಬೀಳುವವರಲ್ಲಾದರೋ ಅದು ಮಂದವಾಗಿ ಆರಂಭವಾಗಿ, ಮೊಡವೆ ಬತ್ತುವ ಹಂತದಲ್ಲಿಯೂ ಮುಂದುವರಿಯುತ್ತಿತ್ತು. ಹೊರಗೆ ಮಾಯ್ದಂತೆ ತೋರಿದ ಚರ್ಮ ಒಳಗೆ ಇನ್ನೂ ಸವೆಯುತ್ತಿರುತ್ತದೆ ಎಂದಾಯಿತು. ಅದೇ ನಗರದಿಂದ 1994ರಲ್ಲಿ ಬಂದ ಇನ್ನೊಂದು ವರದಿಯು, ಸರಿಯಾದ ಚಿಕಿತ್ಸೆ ಆರಂಭವಾಗುವುದಕ್ಕೆ ತಡವಾದಷ್ಟೂ ಕಲೆಯ ಪ್ರಮಾಣ ಹೆಚ್ಚುವುದನ್ನು ತೋರಿಸಿತ್ತು. ಗುಳಿಗಳು ಬೀಳುವುದು ಮೊಡವೆ ಮುಗಿದ ಮೇಲಲ್ಲ, ನಾವು ಕಾಯುತ್ತಿರುವಾಗಲೇ.

ಅಂಗಡಿಯ ಸಲಹೆಯು ಅನೇಕ ವೇಳೆ ಸ್ಟಿರಾಯ್ಡ್ ಬೆರೆತ ಮುಲಾಮಾಗಿರುತ್ತದೆ. ಎರಡು ಮೂರು ದಿನಗಳಲ್ಲಿ ಕೆಂಪು ಇಳಿಯುವುದರಿಂದ ಅದರ ಕೀರ್ತಿ ಬಾಯಿಂದ ಬಾಯಿಗೆ ಹಬ್ಬುತ್ತದೆ. ವಿದ್ಯಾರ್ಥಿನಿಲಯಗಳಲ್ಲಂತೂ ಒಬ್ಬರ ಟ್ಯೂಬು ನಾಲ್ವರಿಗೆ ಸಾಕಾಗುತ್ತದೆ. ಆದರೆ ಈ ದ್ರವ್ಯವೇ ಕೊಲಾಜೆನ್ನಿನ ಉತ್ಪತ್ತಿಯನ್ನು ತಗ್ಗಿಸಿ ಚರ್ಮವನ್ನು ತೆಳುವಾಗಿಸುತ್ತದೆ, ಮಾಯುವಿಕೆಯನ್ನು ನಿಧಾನಗೊಳಿಸುತ್ತದೆ. ನಿಲ್ಲಿಸಿದೊಡನೆ ಮೊಡವೆ ಇಮ್ಮಡಿಯಾಗಿ ಮರಳುತ್ತದೆ. ಭಾರತದ 12 ಕೇಂದ್ರಗಳಲ್ಲಿ 2926 ಚರ್ಮರೋಗಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 433 ಮಂದಿ ಮುಖಕ್ಕೆ ಇಂಥ ಮುಲಾಮು ಹಚ್ಚುತ್ತಿದ್ದರು. ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಅದರಿಂದ ತೊಂದರೆ ಉಂಟಾಗಿತ್ತು. ತೊಂದರೆಗಳಲ್ಲಿ ಅಗ್ರಸ್ಥಾನ ಮೊಡವೆಯದೇ. ಭಾರತ ಸರ್ಕಾರವು 2018ರಲ್ಲಿ ಇಂತಹ ಅನೇಕ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ವಿಧಿಸಿದ್ದಕ್ಕೂ ಪಾಲನೆಗೂ ನಡುವೆ ಎಷ್ಟು ಅಂತರವಿದೆಯೆಂಬುದನ್ನು ಓದುಗರೇ ಬಲ್ಲರು.

ಹಾಗಾದರೆ ಆರಂಭದಲ್ಲಿ ಮಾಡಬೇಕಾದುದೇನು? ಅಡಾಪಲೀನ್ ಮತ್ತು ಬೆಂಜಾಯಿಲ್ ಪೆರಾಕ್ಸೈಡ್ ಕೂಡಿದ ಲೇಪವನ್ನು ಅರ್ಧ ಮುಖಕ್ಕೆ, ಔಷಧವಿಲ್ಲದ ಲೇಪವನ್ನು ಉಳಿದರ್ಧಕ್ಕೆ 24 ವಾರ ಹಚ್ಚಿ ನೋಡಿದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಔಷಧದ ಪಾರ್ಶ್ವದಲ್ಲಿ ಗುಳಿಗಳ ಸಂಖ್ಯೆ ಶೇಕಡ 15ರಷ್ಟು ಇಳಿದರೆ, ಇನ್ನೊಂದು ಪಾರ್ಶ್ವದಲ್ಲಿ ಹೆಚ್ಚುಕಡಿಮೆ ಅಷ್ಟೇ ಏರಿತ್ತು. ಆಳವಾದ ಗಂಟುಗಳಿಗೆ ಲೇಪ ಸಾಲದು. ಅಂಥವರಿಗೆ 1982ರಲ್ಲಿ ಬಳಕೆಗೆ ಬಂದ ಐಸೊಟ್ರೆಟಿನಾಯಿನ್ ಗುಳಿಗೆಯೇ ಮುಖ್ಯ ಆಧಾರ. ಗರ್ಭಸ್ಥ ಶಿಶುವಿಗೆ ಇದರಿಂದ ಘೋರವಾದ ಅಂಗವೈಕಲ್ಯ ಉಂಟಾಗುವುದರಿಂದ, ವೈದ್ಯರ ನಿಗಾ ಇಲ್ಲದೆ ಇದನ್ನು ಯಾರೂ ಮುಟ್ಟಬಾರದು. ಸ್ತ್ರೀಯರು ಚಿಕಿತ್ಸೆಯ ಕಾಲದಲ್ಲಿಯೂ, ಮುಗಿದ ಮೇಲೆ ಒಂದು ತಿಂಗಳೂ ಗರ್ಭ ಧರಿಸಕೂಡದು.

ಈ ಗುಳಿಗೆಯ ಸುತ್ತ ಬೆಳೆದ ನಿಯಮವೊಂದರ ಕಥೆ ವಿಚಾರಾರ್ಹವಾಗಿದೆ. ಐಸೊಟ್ರೆಟಿನಾಯಿನ್ ಸೇವಿಸಿದವರ ಚರ್ಮ ನಿಧಾನವಾಗಿ ಮಾಯುತ್ತದೆ, ಆದುದರಿಂದ ಗುಳಿಗಳಿಗೆ ಯಾವ ಚಿಕಿತ್ಸೆಯನ್ನೇ ಆಗಲಿ ಆರು ತಿಂಗಳಿಂದ ವರ್ಷದವರೆಗೆ ಮುಂದೂಡಬೇಕು ಎಂದು ಮೂರು ದಶಕಗಳ ಕಾಲ ಪಾಠ ಹೇಳಲಾಗುತ್ತಿತ್ತು. ಇದರ ಮೂಲವನ್ನು ಅರಸುತ್ತ ಹೋದರೆ ಮುಖ್ಯವಾಗಿ ಎರಡು ವರದಿಗಳು ದೊರೆಯುತ್ತವೆ: 1986ರಲ್ಲಿ ಅಮೆರಿಕೆಯಿಂದ ಆರು ರೋಗಿಗಳು, 1988ರಲ್ಲಿ ಡೆನ್ಮಾರ್ಕಿನಿಂದ ಮೂವರು. ಇವರಲ್ಲಿ ಯಂತ್ರದಿಂದ ಚರ್ಮವನ್ನು ಉಜ್ಜಿ ತೆಗೆದ ಅಥವಾ ಅಂದಿನ ಆರ್ಗಾನ್ ಲೇಸರನ್ನು ಪ್ರಯೋಗಿಸಿದ ಮೇಲೆ ದಪ್ಪ ಗಾಯದ ಗುರುತುಗಳು ಎದ್ದಿದ್ದವು. ಒಂಬತ್ತು ಮಂದಿಯ ಅನುಭವ ಲಕ್ಷಾಂತರ ಜನರಿಗೆ ನಿಯಮವಾಯಿತು! ಇದನ್ನು ಮರುಪರಿಶೀಲಿಸಿದವರಲ್ಲಿ ನಮ್ಮ ಬೆಂಗಳೂರಿನ ಚರ್ಮತಜ್ಞ ಡಾ. ವೆಂಕಟರಾಂ ಮೈಸೂರು ಅವರೂ ಸೇರಿದ್ದಾರೆ. ಅವರೂ ಸಹೋದ್ಯೋಗಿಗಳೂ ಕೂಡಿ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು, ಅದೇ ವರ್ಷ ಅಮೆರಿಕೆಯ ತಜ್ಞರು ಹೇಳಿದಂತೆಯೇ, ಮೇಲ್ಪದರದ ರಾಸಾಯನಿಕ ಲೇಪನ, ಸೂಜಿಚಿಕಿತ್ಸೆ, ಬಹುತೇಕ ಲೇಸರುಗಳು, ಇವುಗಳನ್ನು ಮುಂದೂಡಲು ಸಾಕಷ್ಟು ಆಧಾರವಿಲ್ಲವೆಂದು ಹೇಳಿತು. ಯಂತ್ರದಿಂದ ಉಜ್ಜುವ ಕ್ರಮಕ್ಕೂ ಹೊರಪದರವನ್ನು ಪೂರ್ತಿಯಾಗಿ ತೆಗೆಯುವ ಲೇಸರಿಗೂ ಹಳೆಯ ಎಚ್ಚರಿಕೆಯೇ ಉಳಿದಿದೆ. ಆದರೂ ‘ವರ್ಷ ಬಿಟ್ಟು ಬಾ’ ಎಂಬ ಮಾತು ಇನ್ನೂ ಕೇಳಿಬರುತ್ತದೆ.

ಚಿಕಿತ್ಸೆಯ ಆಯ್ಕೆಯು ಗುಳಿಯ ಆಕಾರವನ್ನು ಅವಲಂಬಿಸಿದೆ. ದಬ್ಬಳದಿಂದ ಚುಚ್ಚಿದಂತೆ ಕಿರಿದಾಗಿ ಆಳಕ್ಕಿಳಿದ ಗುಳಿಯ ತಳಕ್ಕೆ ತೀವ್ರವಾದ ಟ್ರೈಕ್ಲೋರೊಅಸೆಟಿಕ್ ಆಮ್ಲವನ್ನು ತಜ್ಞರು ಹನಿಯಷ್ಟೇ ತಾಗಿಸುತ್ತಾರೆ. ಅಗಲವಾಗಿ ಅಲೆಯಂತೆ ತಗ್ಗಿರುವಲ್ಲಿ, ಚರ್ಮವನ್ನು ಕೆಳಕ್ಕೆ ಜಗ್ಗುತ್ತಿರುವ ನಾರುಗಳನ್ನು ಸೂಜಿಯಿಂದ ಒಳಗೇ ಕತ್ತರಿಸುತ್ತಾರೆ. ಎದೆ, ಭುಜಗಳ ಮೇಲೆ ಉಬ್ಬಿ ಬೆಳೆಯುವ ಗಂಟುಗಳ ದಾರಿಯೇ ಬೇರೆ. ಅಲ್ಲಿ ಮುಖಕ್ಕೆ ಬೇಡವಾಗಿದ್ದ ಸ್ಟಿರಾಯ್ಡೇ, ವೈದ್ಯರ ಕೈಯಲ್ಲಿ ಚುಚ್ಚುಮದ್ದಾಗಿ, ಉಪಕಾರಿಯಾಗುತ್ತದೆ. ಗುಳಿಗಳನ್ನು ಪೂರ್ತಿ ಅಳಿಸುವ ಉಪಾಯ ಯಾವುದೂ ಇಲ್ಲ. ಅವನ್ನು ಆಳ ತಗ್ಗಿಸಿ ಕಣ್ಣಿಗೆ ಬೀಳದಂತೆ ಮಾಡಬಹುದು.

ಇಲ್ಲಿ ಮಾತ್ರ ಕಾಯಲೇಬೇಕು. ಗಾಯದೊಳಗೆ ಮೊದಲು ಹೆಣೆದುಕೊಳ್ಳುವ ಕೊಲಾಜೆನ್ ಎಳಸಾದುದು. ಅದು ಕಳಚಿ, ಗಟ್ಟಿಯಾದ ಬಗೆಯದು ಅದರ ಸ್ಥಾನಕ್ಕೆ ಬರಲು ತಿಂಗಳುಗಳು ಹಿಡಿಯುತ್ತವೆ. ಆದುದರಿಂದ ಸೂಜಿಚಿಕಿತ್ಸೆಯ ಫಲವನ್ನು ಮುಂದಿನ ವಾರವೇ ಕನ್ನಡಿಯಲ್ಲಿ ಹುಡುಕುವುದು ವ್ಯರ್ಥ. ಈ ಅವಧಿಯಲ್ಲಿ ಬಿಸಿಲು ತಾಗಿದರೆ ಕಪ್ಪು ಮಚ್ಚೆ ಗಾಢವಾಗುತ್ತದೆ. ಗದ್ದೆಗೋ ಆಟದ ಬಯಲಿಗೋ ಹೋಗುವವರು ಬಿಸಿಲುತಡೆ ಲೇಪವನ್ನು ಮರೆಯಕೂಡದು. ಒಣಗಿದ ಹೊಕ್ಕುಗಳನ್ನು ಕೀಳುವ ಚಪಲವನ್ನೂ ಅಡಗಿಸಬೇಕು.

ಬದಲಾವಣೆಯನ್ನು ಅಳೆಯಲು ಕನ್ನಡಿ ಒಳ್ಳೆಯ ಸಾಧನವಲ್ಲ. ಎದುರಿನಿಂದ ಬೀಳುವ ಬೆಳಕಿನಲ್ಲಿ ಗುಳಿಗಳು ಮರೆಯಾಗುತ್ತವೆ, ಓರೆಬೆಳಕಿನಲ್ಲಿ ಇದ್ದುದಕ್ಕಿಂತ ಆಳವಾಗಿ ತೋರುತ್ತವೆ. ಹೀಗಾಗಿ ಒಂದೇ ದಿನದಲ್ಲಿ ಬೆಳಗಿನ ಉತ್ಸಾಹವೂ ಸಂಜೆಯ ನಿರಾಶೆಯೂ ಸಾಧ್ಯ. ಒಂದೇ ಕಿಟಕಿಯ ಬಳಿ, ಒಂದೇ ಹೊತ್ತಿನಲ್ಲಿ, ಅದೇ ಕೆನ್ನೆಯನ್ನು ಬೆಳಕಿಗೊಡ್ಡಿ, ಮೂರು ತಿಂಗಳಿಗೊಮ್ಮೆ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ವೈದ್ಯರಿಗೂ ತನಗೂ ಹೋಲಿಸಿ ನೋಡಲು ಅನುಕೂಲವಾಗುತ್ತದೆ.