ಹೌಸಿಂಗ್ ಒಳಗಿನ ಗುಟ್ಟು, ಚಕ್ರ ಹೇಳುವ ಮಾತು

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯ ಹೆಸರೆತ್ತಿದರೆ ಕಾಲಭೈರವೇಶ್ವರನ ಜೊತೆಗೇ ಅವನ ಗುಡಿಯ ಎತ್ತಾದ ಬಸಪ್ಪನೂ ನೆನಪಾಗುತ್ತಾನೆ. ಗುಡಿಗೆ ಪೂಜಾರಿ ಯಾರಾಗಬೇಕು ಎಂಬಂಥ ಪ್ರಶ್ನೆ ಬಂದಾಗ ಬಸಪ್ಪನನ್ನು ಊರಿಗೆ ಕರೆಸಿ, ಅವನು ತೋರಿದವರನ್ನು ಒಪ್ಪುವ ನಂಬಿಕೆ ಈ ಸೀಮೆಯದು. ಮಾತು ಯಾರು ಬೇಕಾದರೂ ಆಡಲಿ, ಬಸಪ್ಪ ಒಪ್ಪಬೇಕು.

ಹಳೇ ಕಾರು, ಜೀಪು ಕೊಳ್ಳುವವರಿಗೂ ಇಂಥದೊಂದು ಪರೀಕ್ಷೆ ಬೇಕಾಗುತ್ತದೆ. ‘ಲಿಮಿಟೆಡ್ ಸ್ಲಿಪ್ ಅದೆ ಕಣಣ್ಣ, ಎಂಥ ಕೆಸರಾದ್ರೂ ಎದ್ಬತ್ತದೆ’ ಎಂದು ಮಾರುವವರು ಹೇಳಿದರೆ ನಂಬುವುದು ಹೇಗೆ? ಹಿಂದಿನ ಹೌಸಿಂಗ್ ಮುಚ್ಚಿದ ಕಬ್ಬಿಣದ ಗಡಿಗೆ. ಒಳಗೆ ಏನಿದ್ದರೂ ಹೊರಗಿನ ರೂಪ ಒಂದೇ.

ಎತ್ತಿನ ಗಾಡಿಗೆ ಈ ತಾಪತ್ರಯ ಇರಲಿಲ್ಲ. ಅಚ್ಚು ಅಲುಗದೆ ಕೂತಿರುತ್ತದೆ; ಕಡಾಣಿ ಹಾಕಿದ ಎರಡು ಚಕ್ರಗಳು ತಮ್ಮ ಪಾಡಿಗೆ ತಾವು ತಿರುಗುತ್ತವೆ. ತಿರುವಿನಲ್ಲಿ ಹೊರಗಿನದು ಹೆಚ್ಚು ಓಡುತ್ತದೆ, ಒಳಗಿನದು ಕಡಿಮೆ. ಎರಡು ಚಕ್ರಗಳ ನಡುವೆ 1.2 ಮೀಟರ್ ಅಂತರವಿದ್ದರೆ, ಗಾಡಿ ಒಂದು ಸುತ್ತು ಪೂರ್ತಿ ಬರುವಷ್ಟರಲ್ಲಿ ಹೊರಚಕ್ರ ಸುಮಾರು 7.5 ಮೀಟರ್ ಹೆಚ್ಚು ನಡೆದಿರುತ್ತದೆ. ಸುತ್ತು ಚಿಕ್ಕದಾದರೂ ದೊಡ್ಡದಾದರೂ ಈ ಲೆಕ್ಕ ಬದಲಾಗುವುದಿಲ್ಲ.

ಕಾರಿನಲ್ಲಿ ಅಚ್ಚೇ ಚಕ್ರವನ್ನು ತಿರುಗಿಸಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ತಿರುವಿನಲ್ಲಿ ಟೈರು ಉಜ್ಜುತ್ತದೆ. ಅದಕ್ಕಾಗಿಯೇ ಅಚ್ಚನ್ನು ನಡುವೆ ಕತ್ತರಿಸಿ, ಕ್ರೌನಿನ ಜೊತೆ ಸ್ಟಾರ್ ಪಿನಿಯನ್‌ಗಳನ್ನು ಕೂರಿಸಿದರು. ಅದೇ ಡಿಫರೆನ್ಷಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ 1820ರ ದಶಕದ ಕೊನೆಯಲ್ಲೇ ಉಗಿಬಂಡಿಗೆಂದು ಇದನ್ನು ರೂಪಿಸಿದ್ದ.

ಇದರ ಸ್ವಭಾವ ಉಳುವವರಿಗೆ ಗೊತ್ತಿರುವುದೇ. ನೇಗಿಲಿನ ಈಸನ್ನು ನೊಗದ ನಡುವಿಗೆ ಕಟ್ಟಿರುತ್ತಾರೆ. ಒಂದು ಎತ್ತು ಎಳೆಯದೆ ನಿಂತರೆ ಇನ್ನೊಂದು ಎಷ್ಟು ಮುಂದಕ್ಕೆ ಹೋದರೂ ನೊಗ ಓರೆಯಾಗುತ್ತದೆಯೇ ಹೊರತು ನೇಗಿಲು ಜರುಗುವುದಿಲ್ಲ. ಡಿಫರೆನ್ಷಿಯಲ್ ಕೂಡ ಎರಡು ಕಡೆಗೂ ಸಮಬಲ ಹಂಚುತ್ತದೆ. ಒಂದು ಚಕ್ರ ಕೆಸರಿಗೆ ಬಿದ್ದರೆ, ಅದು ಜಾರಿ ತಿರುಗಲು ಎಷ್ಟು ಬಲ ಸಾಕೋ ಅಷ್ಟೇ ಬಲ ಗಟ್ಟಿ ನೆಲದ ಚಕ್ರಕ್ಕೂ ಸಿಗುತ್ತದೆ. ಒಂದು ಗಿರಗಿರ ಸುತ್ತುತ್ತದೆ, ಇನ್ನೊಂದು ಮಿಸುಕುವುದಿಲ್ಲ.

ಕನ್ನಂಬಾಡಿ ನೀರು ಕುಡಿಯುವ ಈ ನಾಡಿನಲ್ಲಿ, ಗದ್ದೆ ಕೆಸರಿನಲ್ಲಿ ಟ್ರ್ಯಾಕ್ಟರ್ ಓಡಿಸುವವರು, ಕೆ.ಎಂ. ದೊಡ್ಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲೋಡು ಎಳೆಯುವವರು ಇದಕ್ಕೆ ಮದ್ದು ಬಲ್ಲರು. ಕಾಲಡಿಯ ಡಿಫರೆನ್ಷಿಯಲ್ ಲಾಕ್ ಪೆಡಲ್ ಒತ್ತಿದರೆ ಎರಡು ಚಕ್ರವೂ ಒಂದಾಗುತ್ತವೆ. ಕೆಸರು ದಾಟಿದೊಡನೆ ಕಾಲು ತೆಗೆಯಬೇಕು. ಲಾಕಿನಲ್ಲೇ ತಿರುಗಿಸಿದರೆ ಗೇರಿಗೆ ಪೆಟ್ಟು.

ಪೆಡಲಿನ ಈ ಕೆಲಸವನ್ನು ಲಿಮಿಟೆಡ್ ಸ್ಲಿಪ್ ತಾನಾಗಿಯೇ, ಒಂದು ಮಿತಿಯಲ್ಲಿ ಮಾಡುತ್ತದೆ. ಹಳೆಯ ಮಾದರಿಗಳಲ್ಲಿ ಪಕ್ಕದ ಗೇರುಗಳ ಬೆನ್ನಿಗೆ ಕ್ಲಚ್ ಪ್ಲೇಟುಗಳ ಕಟ್ಟು ಇರುತ್ತದೆ. ಒಂದು ಚಕ್ರ ಅತಿಯಾಗಿ ಜಾರಲು ಹೊರಟರೆ ಪ್ಲೇಟುಗಳು ಹಿಡಿದು ಇನ್ನೊಂದಕ್ಕೂ ಬಲ ದಾಟಿಸುತ್ತವೆ. ಅಮೆರಿಕದ ಪ್ಯಾಕರ್ಡ್ ಕಂಪನಿ 1956ರಲ್ಲಿ ಇದನ್ನು ಮಾರಾಟದ ಕಾರುಗಳಿಗೆ ತಂದಿತು. 1961ರ ಜಾಗ್ವಾರ್ ಇ-ಟೈಪ್‌ನಲ್ಲೂ ಇದೇ ಇತ್ತು. ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಗೆ ಕಾರ್ಖಾನೆ ಕೊಟ್ಟಿದ್ದು ಸಾಮಾನ್ಯ ಡಿಫರೆನ್ಷಿಯಲ್. ಹಾಗಾಗಿ ಅವುಗಳಲ್ಲಿ ‘ಲಿಮಿಟೆಡ್ ಸ್ಲಿಪ್ ಅದೆ’ ಎಂದರೆ, ಯಾರು ಯಾವಾಗ ಹಾಕಿಸಿದರು ಎಂಬುದೇ ಮೊದಲ ಪ್ರಶ್ನೆ.

ಈಗ ಪರೀಕ್ಷೆ. ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ. ಹಿಂದಿನ ಎರಡು ಚಕ್ರವೂ ನೆಲ ಬಿಡುವಂತೆ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿಯನ್ನು ನಂಬಬೇಡಿ. ಇಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಸಡಿಲ, ಗೇರು ನ್ಯೂಟ್ರಲ್. ಜೀಪಾದರೆ ಫೋರ್ ವೀಲ್ ಬಿಡಿಸಿರಬೇಕು. ಈಗ ಒಂದು ಚಕ್ರವನ್ನು ಕೈಯಿಂದ ತಿರುಗಿಸಿ, ಇನ್ನೊಂದನ್ನು ನೋಡಿ. ಅದು ಉಲ್ಟಾ ತಿರುಗಿದರೆ ಒಳಗಿರುವುದು ಬಹುಪಾಲು ಸಾಮಾನ್ಯದ್ದು. ಜೊತೆಯಲ್ಲೇ ಅದೇ ದಿಕ್ಕಿಗೆ ತಿರುಗಿದರೆ ಪ್ಲೇಟುಗಳು ಹಿಡಿದಿವೆ ಎಂದು ಅರ್ಥ.

ಬ್ರೇಕ್ ಕಚ್ಚಿಕೊಂಡಿದ್ದರೆ ಆ ಚಕ್ರ ಸುಮ್ಮನೆ ನಿಂತು ಗೊಂದಲ ಮಾಡುತ್ತದೆ. ಆಗ ಬ್ರೇಕ್ ಬಿಡಿಸಿ, ಇಂಜಿನ್ ಆಫ್ ಇರುವಂತೆಯೇ ಗೇರಿಗೆ ಹಾಕಿ ನೋಡಿ. ಸಾಮಾನ್ಯದ್ದಾದರೆ ಚಕ್ರ ತಿರುಗಿ, ಎದುರಿನದು ಉಲ್ಟಾ ಹೋಗುತ್ತದೆ. ಗಟ್ಟಿಮುಟ್ಟಾದ ಲಿಮಿಟೆಡ್ ಸ್ಲಿಪ್ ಆದರೆ ಕೈಬಲಕ್ಕೆ ಜಗ್ಗುವುದಿಲ್ಲ. ಉದ್ದನೆಯ ಪಾನಾ ಹಾಕಿ ಬಲವಾಗಿ ಒತ್ತಿದಾಗ ಮೆಲ್ಲಗೆ ಜಾರುತ್ತದೆ. ಅದಕ್ಕೂ ಜಾರದಿದ್ದರೆ ಅನುಮಾನಪಡಿ: ಸ್ಟಾರ್ ಪಿನಿಯನ್‌ಗಳಿಗೆ ವೆಲ್ಡಿಂಗ್ ಹೊಡೆದಿರಬಹುದು.

ಪರೀಕ್ಷೆಗೂ ಮೋಸ ಹೋಗುವ ಸಂದರ್ಭಗಳಿವೆ. ಪ್ಲೇಟು ಸವೆದ ಲಿಮಿಟೆಡ್ ಸ್ಲಿಪ್ ಸಾಮಾನ್ಯದ್ದರಂತೆಯೇ ವರ್ತಿಸುತ್ತದೆ. ಗೇರುಗಳಿಂದಲೇ ಕೆಲಸ ಮಾಡುವ ಟಾರ್ಸೆನ್ ಜಾತಿಯದೂ ಮೇಲೆತ್ತಿದಾಗ ಉಲ್ಟಾ ತಿರುಗುತ್ತದೆ. ಇತ್ತೀಚಿನ ಕೆಲವು ಥಾರ್‌ಗಳಲ್ಲಿ ಬರುವ ಮೆಕ್ಯಾನಿಕಲ್ ಲಾಕ್, ಎರಡು ಚಕ್ರಗಳ ವೇಗದಲ್ಲಿ ದೊಡ್ಡ ವ್ಯತ್ಯಾಸ ಬಂದಾಗಷ್ಟೇ ಎಚ್ಚರವಾಗುವಂಥದ್ದು. ಮೆಲ್ಲಗೆ ತಿರುಗಿಸಿದರೆ ಗುರುತು ಬಿಟ್ಟುಕೊಡುವುದಿಲ್ಲ. ಕ್ರೌನ್, ಪಿನಿಯನ್ನಿನ ಹಲ್ಲು ಎಣಿಸಿಯೂ ಪ್ರಯೋಜನವಿಲ್ಲ. ಮಹೀಂದ್ರ ತಯಾರಿಸಿದ ಹಳೇ ಸಿಜೆ-3ಬಿ ಜೀಪಿನ 43ಕ್ಕೆ 8 ಹಲ್ಲಿನ ಲೆಕ್ಕ ಗಾಡಿಯ ಎಳೆತವನ್ನು ಹೇಳೀತು, ಜಾರುವಿಕೆಯನ್ನಲ್ಲ.

ಕೊನೆಯ ಸಾಕ್ಷಿ ಕಣ್ಣೇ. ಆಯಿಲ್ ಪ್ಲಗ್ಗಿನ ಬಳಿ ವಿಶೇಷ ಎಣ್ಣೆ ಹಾಕಿ ಎನ್ನುವ ತಗಡು ಉಳಿದಿದ್ದರೆ ಅದೊಂದು ಸುಳಿವು. ಜೀಪಿನ ಡೇನಾ 44 ಹೌಸಿಂಗ್ ಆದರೆ ಹಿಂಬದಿಯ ಹತ್ತು ಬೋಲ್ಟು ಬಿಚ್ಚಿ ಮುಚ್ಚಳ ತೆಗೆದರೆ ಸಾಕು. ಅಂಬಾಸಿಡರ್‌ಗೆ ಹಿಂದೆ ಬಿಚ್ಚುವ ಮುಚ್ಚಳವಿಲ್ಲ. ಆಕ್ಸಲ್ ಶಾಫ್ಟ್ ಎಳೆದು, ಮುಂಭಾಗದಿಂದ ಇಡೀ ಡಿಫರೆನ್ಷಿಯಲ್ ಹೊರತೆಗೆಯಬೇಕು. ಪ್ಲೇಟುಗಳಿರುವುದು ಖಚಿತವಾದರೆ ಅದಕ್ಕೆಂದೇ ಇರುವ ಎಣ್ಣೆ ಹಾಕಿ. ಮಾಮೂಲಿ ಗೇರ್ ಆಯಿಲ್ ಸುರಿದರೆ ತಿರುವಿನಲ್ಲಿ ಗಡಗಡ ಸದ್ದು ಶುರುವಾಗುತ್ತದೆ.

ಇನ್ನೊಂದು ಎಚ್ಚರ. ಒಂದೇ ಹಿಂಚಕ್ರ ಎತ್ತಿ, ಇಂಜಿನ್ ಚಾಲೂ ಮಾಡಿ, ಗೇರಿಗೆ ಹಾಕುವ ಸಾಹಸ ಬೇಡ. ಲಿಮಿಟೆಡ್ ಸ್ಲಿಪ್ ಇದ್ದದ್ದೇ ಆದರೆ ನೆಲ ಮುಟ್ಟಿದ ಚಕ್ರಕ್ಕೆ ಬಲ ಹೋಗಿ ಗಾಡಿ ಜಾಕಿಯಿಂದ ಹಾರುತ್ತದೆ. ಮಾರುವವರ ಮಾತು ನಿಜವೆಂದು ಆಗ ಗೊತ್ತಾಗಿ ಏನು ಬಂತು?

ಚಕ್ರ ಉಲ್ಟಾ ತಿರುಗಿತೆಂದು ಬೇಸರಪಡಬೇಕಿಲ್ಲ. ಡಾಂಬರು ರಸ್ತೆಯಲ್ಲಿ ಮದ್ದೂರಿಗೋ ಮಳವಳ್ಳಿಗೋ ಹೋಗಿಬರಲು ಸಾಮಾನ್ಯ ಡಿಫರೆನ್ಷಿಯಲ್ ಧಾರಾಳ ಸಾಕು. ಬೆಲೆಯೂ ಸಾಮಾನ್ಯದ್ದೇ ಆಗಿರಲಿ ಎಂದು ಚೌಕಾಸಿ ಮಾಡಿದರಾಯಿತು.